ಹಂಚು ತಟ್ಟಿ ನೋಡಿದವರ ಊರಿಗೆ ಹೋಗಿ ಬಂದೆ

ಗೆಳೆಯಾ,

ಕೊನೆಗೂ ನಿನ್ನ ಮಂಗಳೂರು ನೋಡಿ ಬಂದೆವು. ಡಿಸೆಂಬರ್ ರಜೆಯ ನಾಲ್ಕು ದಿನ. ಅಮ್ಮ, ಇವಳು, ಮಗಳು, ನಾನು. ನಿನಗೊಬ್ಬನಿಗೇ ಬರೆಯಲು ಕೂತ ಪತ್ರ ಮೂರು ಸಲ ಅರ್ಧಕ್ಕೇ ನಿಂತಿತು. ನಾಲ್ಕು ಜನ ಓದುವ ಕಡೆ ಬರೆದರೆ ನಡುವೆ ಎದ್ದು ಹೋಗಲಾಗುವುದಿಲ್ಲ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಊಟ. ಕಾಣೆ ಮೀನಿನ ಬಗ್ಗೆ ಹಾಸ್ಟೆಲಿನಲ್ಲಿ ನೀನು ಹೇಳಿದ್ದರಲ್ಲಿ ಒಂದಕ್ಷರವೂ ಹೆಚ್ಚಿರಲಿಲ್ಲ. ರವೆ ಹಚ್ಚಿ ಕಾಯಿಸಿದ ಮೀನಿನ ನಡುಮುಳ್ಳು ಒಂದೇ ಎಳೆತಕ್ಕೆ ಇಡಿಯಾಗಿ ಕೈಗೆ ಬಂತು. ಮುಳ್ಳಿಗೆ ಹೆದರಿ ಮೀನನ್ನೇ ಮುಟ್ಟದ ಮಗಳು ಎರಡು ಮುಗಿಸಿದಳು. ಬಂಗುಡೆ ಪುಳಿಮುಂಚಿ ಸಾರಿನ ಕೆಂಪಿನಲ್ಲಿ ನೀರುದೋಸೆ ಅದ್ದಿದಾಗ ನನ್ನ ಕಣ್ಣಲ್ಲಿ ನೀರು ಬಂತು, ಪೂರ್ತಿ ಖಾರದಿಂದಲ್ಲ. ಮೀನು ತಿನ್ನದ ಅಮ್ಮ ಬನ್ಸ್, ಗೋಳಿಬಜೆಗಳಲ್ಲೇ ಮೂರು ದಿನ ತೃಪ್ತಳಾಗಿದ್ದಳು.

ಸಂತ ಅಲೋಶಿಯಸ್ ಚಾಪೆಲ್‌ಗೂ ಹೋದೆವು. ಇಟಲಿಯ ಮೊಸ್ಕೇನಿ ನೂರಿಪ್ಪತ್ತು ವರ್ಷಗಳ ಹಿಂದೆ ಬರೆದ ಚಿತ್ರಗಳನ್ನು ಮಗಳು ಕತ್ತು ನೋಯುವವರೆಗೆ ನೋಡಿದಳು. ಕದ್ರಿ ದೇವಸ್ಥಾನವೂ ಆಯಿತು.

ಮೂರನೆಯ ದಿನ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿ ಕಡಲತೀರಕ್ಕೆ ದೋಣಿ ಹತ್ತಿದೆವು. ಅಲ್ಲಿ ನಿನ್ನ ಅಪ್ಪನ ಮಾತು ಕಿವಿಗೆ ಬಿತ್ತು. "ಮಳೆಗಾಲದಲ್ಲಿ ಬರಬೇಡ ಮಾರಾಯ, ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಒಳ್ಳೆಯ ಮೀನು ಸಿಗುವುದಿಲ್ಲ. ಡಿಸೆಂಬರಿನಲ್ಲಿ ಬಾ, ಬತ್ತೇರಿಯಿಂದ ದೋಣಿಯಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ." ಅರಸೀಕೆರೆಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಹೇಳಿದ್ದರು. ಮಾಡು ರಿಪೇರಿಗೆಂದು ಅಪ್ಪ ಇಳಿಸಿಟ್ಟಿದ್ದ ಹಂಚುಗಳಲ್ಲಿ ಒಂದನ್ನು ಎತ್ತಿ, ಮಗುಚಿ, ಬೆರಳ ಗೆಣ್ಣಿನಿಂದ ತಟ್ಟಿದರು. ಠಣ್ ಎಂದಿತು. "ಚೆನ್ನಾಗಿ ಬೆಂದಿದೆ, ನಮ್ಮ ನೇತ್ರಾವತಿಯ ಮಣ್ಣು" ಎಂದರು. ಇಡೀ ಆಯುಷ್ಯ ಹಂಚಿನ ಕಾರ್ಖಾನೆಯಲ್ಲಿ ಸವೆಸಿದ ಮನುಷ್ಯ ಸ್ವಂತ ಮಗುವಿನ ಬೆನ್ನು ಸವರುವಂತೆ ಅದನ್ನು ಸವರಿದ್ದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚು ಸುಡಲು ತೊಡಗಿದ್ದರಿಂದ ಹಿಡಿದು ಎಲ್ಲವನ್ನೂ ಅಪ್ಪನಿಗೆ ಹೇಳಿದ್ದರು. ಅಪ್ಪ ತೀರಿಕೊಂಡಾಗ ರಾತ್ರಿ ಬಸ್ಸಿಗೆ ಹೊರಟು, ಬೆಳಗಾಗುವುದರೊಳಗೆ ಅದೇ ಜಗಲಿಯಲ್ಲಿ ನನ್ನ ಪಕ್ಕ ಕೂತಿದ್ದರು.

2018ರ ಆಗಸ್ಟಿನಲ್ಲಿ ನಿನ್ನ ಅಪ್ಪ ಹೋದಾಗ ನಾನು ಬರಲಿಲ್ಲ. ಶಿರಾಡಿಯಲ್ಲಿ ಗುಡ್ಡ ಕುಸಿದಿದೆ, ಸಂಪಾಜೆಯೂ ಮುಚ್ಚಿದೆ ಎಂದು ಫೋನಿನಲ್ಲಿ ಹೇಳಿದೆ. ಎರಡೂ ನಿಜ. ಆದರೆ ಚಾರ್ಮಾಡಿಯಲ್ಲಿ ಜನ ಹೋಗಿ ಬರುತ್ತಿದ್ದರು, ನನಗೆ ಗೊತ್ತಿತ್ತು. ನೀನು ಮಸ್ಕತ್‌ನಿಂದ ಕಡಲು ದಾಟಿ ಬಂದೆ, ನಾನು ಒಂದು ಘಾಟಿ ಇಳಿಯಲಿಲ್ಲ. ಕೆಲಸವಿತ್ತೆಂದಲ್ಲ. ಅಪ್ಪನ ನಂತರ ಇನ್ನೊಬ್ಬ ಅಪ್ಪನನ್ನು ಹಾಗೆ ಮಲಗಿರುವುದನ್ನು ನೋಡಲು ಹೆದರಿದೆ. ಬೊಜ್ಜಕ್ಕೂ, ಅಂದರೆ ಉತ್ತರಕ್ರಿಯೆಗೂ, ಬರಲಿಲ್ಲ. ನೀನು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಇಷ್ಟು ವರ್ಷ ಹೊತ್ತು ತಿರುಗುತ್ತಿರಲಿಲ್ಲವೇನೋ.

ಇಷ್ಟೆಲ್ಲ ಬರೆಯಬೇಕೆಂದಿರಲಿಲ್ಲ. ದೋಣಿಯ ಸುದ್ದಿಯಷ್ಟನ್ನೇ ಹೇಳಿ ಮುಗಿಸುವವನಿದ್ದೆ.

ಗಡ್‌ಬಡ್ ಐಸ್‌ಕ್ರೀಮ್ ಕೂಡ ತಿಂದೆವು. ನಮ್ಮಿಬ್ಬರ ಮೂರನೆಯ ಚಮಚದ ನಿಯಮವನ್ನು ಮಗಳಿಗೆ ಕಲಿಸಿದ್ದೇನೆ; ನಿನಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಾಳೆ. ಊರಿಗೆ ಬಂದ ಮೇಲೆ ಅವಳಿಗೆ ಇನ್ನೊಂದು ಹುಚ್ಚು ಹತ್ತಿದೆ: ಹಿತ್ತಿಲಲ್ಲಿ ಉಳಿದ ಹಂಚುಗಳನ್ನೆಲ್ಲ ತಟ್ಟಿ ನೋಡಿ, ಠಣ್ ಎಂದವನ್ನು ಬೇರೆ ಜೋಡಿಸಿಡುತ್ತಿದ್ದಾಳೆ. ಹದಿನೇಳಾಗಿವೆ. ಬೇಸಿಗೆಗೆ ನೀನು ಬರುವಾಗ ಅರಸೀಕೆರೆಯಲ್ಲಿ ಇಳಿ, ತೋರಿಸುತ್ತಾಳಂತೆ. ಛತ್ರಿ ಮರೆಯದೆ ತಾ.

ನಿನ್ನವ