ಆ್ಯಪ್ ಬರೆದರಷ್ಟೇ ಸಾಲದು, ಸ್ಟೋರ್‌ಗೆ ಏರಿಸುವುದನ್ನೂ ಕಲಿಸಿ

ಮಾನ್ಯರೇ,

ಎಂಜಿನಿಯರಿಂಗ್, ಬಿಸಿಎ ತರಗತಿಗಳಲ್ಲಿ ಆ್ಯಪ್ ಬರೆಯುವುದನ್ನು ಕಲಿಸುತ್ತಾರೆ. ಅದನ್ನು ಪ್ಲೇ ಸ್ಟೋರ್‌ಗೆ ಏರಿಸುವುದನ್ನು ಕಲಿಸುವವರು ಕಡಿಮೆ. ಒಳ್ಳೊಳ್ಳೆಯ ಕನ್ನಡ ಆ್ಯಪ್‌ಗಳು ಲ್ಯಾಪ್‌ಟಾಪಿನಲ್ಲೇ ಉಳಿದುಬಿಡುವುದು ಇದರಿಂದಲೇ.

ಗೂಗಲ್ ಪ್ಲೇ ಡೆವಲಪರ್ ಖಾತೆಗೆ ಒಂದೇ ಸಲ 25 ಡಾಲರ್ ಕಟ್ಟಬೇಕು. ಆಪಲ್‌ಗಾದರೆ ವರ್ಷವರ್ಷವೂ 99. ಹಣ ಹೇಗೋ ಹೊಂದಿಸಬಹುದು, ಹುಡುಗರು ಎಡವುವುದು ಟೆಸ್ಟಿಂಗ್‌ನಲ್ಲಿ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ ಕನಿಷ್ಠ 12 ಮಂದಿ ಸತತ 14 ದಿನ ಕ್ಲೋಸ್ಡ್ ಟೆಸ್ಟ್‌ನಲ್ಲಿ, ಅಂದರೆ ನೀವು ಆಯ್ದವರಷ್ಟೇ ಆ್ಯಪ್ ಬಳಸಿ ನೋಡುವ ಪರೀಕ್ಷೆಯಲ್ಲಿ, ಇರಲೇಬೇಕು. ಮೊದಲು 20 ಮಂದಿ ಬೇಕಿತ್ತು. ಟೆಸ್ಟರ್‌ಗಳ ಇಮೇಲ್ ಪಟ್ಟಿಗೆ ಹೆಸರು ಸೇರಿಸಿದ ಮಾತ್ರಕ್ಕೆ ಲೆಕ್ಕಕ್ಕೆ ಬರುವುದಿಲ್ಲ. ಪ್ರತಿಯೊಬ್ಬರೂ ಪಟ್ಟಿಯಲ್ಲಿರುವ ಜಿಮೇಲ್ ಖಾತೆಯಿಂದಲೇ ಟೆಸ್ಟ್‌ನ ಲಿಂಕ್ ತೆರೆದು ಒಪ್ಪಿಗೆ ಒತ್ತಬೇಕು. ಫೋನಿನ ಪ್ಲೇ ಸ್ಟೋರ್‌ನಲ್ಲಿ ಬೇರೆ ಜಿಮೇಲ್ ಇದ್ದರೆ ಆ್ಯಪ್ ಕಾಣಿಸುವುದೇ ಇಲ್ಲ. ಸರಿಯಾಗಿ 12 ಜನರನ್ನಷ್ಟೇ ಸೇರಿಸಿಕೊಂಡು ಹತ್ತನೇ ದಿನ ಒಬ್ಬರು ಹೊರಬಿದ್ದರೆ ಅಷ್ಟು ದಿನ ಕಾದದ್ದು ವ್ಯರ್ಥ. ಹದಿನೆಂಟು ಇಪ್ಪತ್ತು ಮಂದಿ ಇರಲಿ. ದುಡ್ಡು ಕೊಟ್ಟರೆ ಟೆಸ್ಟರ್‌ಗಳನ್ನು ಒದಗಿಸುತ್ತೇವೆ ಎನ್ನುವವರ ಹತ್ತಿರ ಸುಳಿಯಬೇಡಿ. ಟೆಸ್ಟ್ ಮುಗಿದ ಮೇಲೆ ಆ್ಯಪ್ ಪ್ರಕಟಿಸಲು ಅರ್ಜಿ ಹಾಕಿದಾಗ ಗೂಗಲ್, ಬಳಸಿದವರು ಏನು ಹೇಳಿದರು, ನೀವು ಏನು ತಿದ್ದಿದಿರಿ ಎಂದು ಕೇಳುತ್ತದೆ. ಆ್ಯಪ್ ತೆರೆದೇ ನೋಡದವರಿಂದ ಅದಕ್ಕೆ ಉತ್ತರ ಸಿಗದು.

ಆ್ಯಪ್‌ನ ಹೆಸರಿಗೆ ಸಿಗುವುದು 30 ಅಕ್ಷರ. ಕನ್ನಡದಲ್ಲಿ ಒತ್ತು, ಗುಣಿತ ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ಕಣ್ಣಿಗೆ ಒಂದೇ ಅಕ್ಷರವಾದ ‘ಸ್ತ್ರೀ’ ಅಲ್ಲಿ ಆರು. ಹೆಸರನ್ನು ಮೊದಲೇ ಅಳೆದು ಇಡುವುದು ಒಳ್ಳೆಯದು. ಸ್ಟೋರ್ ಆ್ಯಪನ್ನು ಗುರುತಿಸುವ ಪ್ಯಾಕೇಜ್ ಹೆಸರಂತೂ ಒಮ್ಮೆ ಏರಿಸಿದರೆ ಮುಗಿಯಿತು, ಮತ್ತೆ ಬದಲಿಸಲಾಗದು. ಅದನ್ನು ಮಾದರಿಯಲ್ಲಿರುವ ‘ಕಾಮ್ ಡಾಟ್ ಎಕ್ಸಾಂಪಲ್’ ಎಂದು ಹಾಗೇ ಬಿಟ್ಟರೆ ಸ್ಟೋರ್ ಸ್ವೀಕರಿಸುವುದಿಲ್ಲ.

ಮಾರುವ ಉದ್ದೇಶವಿದ್ದರೆ ಇನ್ನೆರಡು ವಿಷಯ. ಉಚಿತವೆಂದು ಪ್ರಕಟಿಸಿದ ಆ್ಯಪ್‌ಗೆ ಆಮೇಲೆ ಬೆಲೆ ಇಡಲು ಪ್ಲೇ ಸ್ಟೋರ್ ಬಿಡುವುದಿಲ್ಲ. ಒಳಗಿನ ಸೌಲಭ್ಯಗಳನ್ನಷ್ಟೇ ಮಾರಬಹುದು. ವೈಯಕ್ತಿಕ ಖಾತೆಯಿಂದ ಹಣ ಗಳಿಸಿದರೆ ನಿಮ್ಮ ಪೂರ್ಣ ವಿಳಾಸ ಸ್ಟೋರ್ ಪುಟದಲ್ಲಿ ಎಲ್ಲರಿಗೂ ಕಾಣಿಸುತ್ತದೆ. ಹೆಣ್ಣುಮಕ್ಕಳಿಗೆ ಇದನ್ನು ಮೊದಲೇ ತಿಳಿಸದಿರುವುದು ತಪ್ಪು.

ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಅಂಕ ಕೊಡುವಾಗ ಪ್ರಾಧ್ಯಾಪಕರು ಸ್ಟೋರ್ ಲಿಂಕನ್ನೂ ಕೇಳಲಿ. ಪರೀಕ್ಷೆಗೆ ಆರು ವಾರ ಮೊದಲೇ ಕ್ಲೋಸ್ಡ್ ಟೆಸ್ಟ್ ಶುರು ಮಾಡಿಸಿದರೆ, ಒಮ್ಮೆ ತಿರಸ್ಕಾರವಾದರೂ ತಿದ್ದಿ ಮತ್ತೆ ಅರ್ಜಿ ಹಾಕಲು ಸಮಯವಿರುತ್ತದೆ. ಬೇಕಾದ ಟೆಸ್ಟರ್‌ಗಳು ಅದೇ ತರಗತಿಯಲ್ಲಿ ಕೂತಿರುತ್ತಾರೆ.

– ಆ್ಯಪ್ ಡೆವಲಪರ್, ಮೈಸೂರು