ಮಕ್ಕಳಿಗೆ ಮನೆಯ ಲೆಕ್ಕ ತೋರಿಸಿ

ಮಾನ್ಯ ಸಂಪಾದಕರೇ,

ಮಕ್ಕಳಿಗೆ ಉಳಿತಾಯ ಕಲಿಸಬೇಕೆಂದು ಎಲ್ಲರೂ ಹೇಳುತ್ತಾರೆ. ಆದರೆ ಖರ್ಚು ಹೇಗೆ ನಡೆಯುತ್ತದೆ ಎಂದೇ ನೋಡದ ಮಗುವಿಗೆ ಉಳಿತಾಯ ಹೇಗೆ ಅರ್ಥವಾದೀತು? ಮೊದಲು ನೋಟು ಕೈಬದಲಾಗುವುದಾದರೂ ಕಾಣುತ್ತಿತ್ತು; ಈಗ ಫೋನು ತೋರಿಸಿದರೆ ಸಾಮಾನು ಬಂತು. ಮನೆಯ ಲೆಕ್ಕವಂತೂ ಮಕ್ಕಳ ಕಿವಿಗೆ ಬೀಳದ ಹಾಗೆ ನಡೆಯುತ್ತದೆ. ಸಂಬಳ ಎಷ್ಟೆಂದು ಹೊರಗೆ ಹೇಳಿಬಿಟ್ಟಾರು ಎಂಬ ಅಂಜಿಕೆ ದೊಡ್ಡವರಿಗೆ.

ಮೊತ್ತ ಹೇಳದೆಯೂ ಲೆಕ್ಕ ತೋರಿಸಬಹುದು. ತಿಂಗಳ ಆದಾಯ ಎಷ್ಟೇ ಇರಲಿ, ಅದನ್ನು 100 ಕಾಳು ಎಂದುಕೊಳ್ಳಿ. ಬಾಡಿಗೆ, ದಿನಸಿ, ಓಡಾಟ, ವಿದ್ಯುತ್ತು, ಔಷಧಿ, ಸಾಲದ ಕಂತು ಒಂದೊಂದಕ್ಕೂ ನೂರರಲ್ಲಿ ಎಷ್ಟು ಪಾಲು ಹೋಗುತ್ತದೋ ಅಷ್ಟು ಕಾಳನ್ನು ಮಗುವಿನ ಕೈಯಲ್ಲೇ ಎಣಿಸಿ ಬೇರೆ ಬೇರೆ ಬಟ್ಟಲಿಗೆ ಹಾಕಿಸಿ. ಎಂಟು ವರ್ಷದ ಮಗುವಿಗೂ ಇದು ತಿಳಿಯುತ್ತದೆ. ಎಡವುವುದು ವರ್ಷಕ್ಕೊಮ್ಮೆ ಬರುವ ಖರ್ಚಿನಲ್ಲಿ. ಶಾಲೆಯ ಶುಲ್ಕ, ವಿಮೆ, ವಾಹನದ ರಿಪೇರಿ ಈ ತಿಂಗಳು ಇಲ್ಲವೆಂದು ಬಿಟ್ಟರೆ ಕೊನೆಗೆ ರಾಶಿ ಕಾಳು ಉಳಿಯುತ್ತದೆ, ಮಗು ‘ಇಷ್ಟೊಂದಿದೆಯಲ್ಲ’ ಎನ್ನುತ್ತದೆ. ಅಂಥವನ್ನೆಲ್ಲ ಕೂಡಿಸಿ 12ರಿಂದ ಭಾಗಿಸಿ, ತಿಂಗಳ ಪಾಲನ್ನು ಮೊದಲೇ ಎತ್ತಿಡಿಸಿ. ಆಮೇಲೆ ಉಳಿದ ನಾಲ್ಕೈದು ಕಾಳಿನ ಪಕ್ಕದಲ್ಲಿ, ಅದು ಕೇಳುತ್ತಿರುವ ಆಟಿಕೆಗೆ ಎಷ್ಟು ಕಾಳು ಬೇಕೆಂದು ಎಣಿಸಿ ಇಡಿ. ‘ದುಡ್ಡೇನು ಮರದಲ್ಲಿ ಬಿಡುತ್ತದೆಯೇ’ ಎಂದು ಗದರುವ ಪ್ರಮೇಯವೇ ಬರುವುದಿಲ್ಲ. ಕಾಳು ಸಾಲದೆ ಬರುವ ಮನೆಗಳೂ ಇವೆ. ಅಲ್ಲಿ ಕೊರತೆಯನ್ನು ಹೇಳಿ, ಅದರ ಜೊತೆಗೇ ಏನು ಕಡಿಮೆ ಮಾಡುತ್ತೇವೆ ಎಂಬ ತೀರ್ಮಾನವನ್ನೂ ಹೇಳಬೇಕು. ಬರೀ ಕೊರತೆ ಕೇಳಿದ ಮಗು ಹೆದರುತ್ತದೆ, ಕಲಿಯುವುದಿಲ್ಲ.

ಕೈಖರ್ಚಿನ ಹಣ ಎಷ್ಟು ಎನ್ನುವುದಕ್ಕಿಂತ ನಿಗದಿಯಾದ ದಿನ ಕೊಡುವುದು ಮುಖ್ಯ: ಚಿಕ್ಕವರಿಗೆ ವಾರಕ್ಕೊಮ್ಮೆ, ಹದಿಮೂರರ ಆಸುಪಾಸಿನಲ್ಲಿ ತಿಂಗಳಿಗೊಮ್ಮೆ. ಪೆನ್ನು, ಗೆಳೆಯರಿಗೆ ಕೊಡುವ ಉಡುಗೊರೆ ಯಾರ ಲೆಕ್ಕಕ್ಕೆ ಎಂದು ಮೊದಲೇ ಬರೆದಿಡಿ. ಮೂರನೇ ದಿನಕ್ಕೇ ಖಾಲಿಯಾದರೆ ಮರುಕಪಟ್ಟು ಮತ್ತೆ ತುಂಬಿಕೊಡಬೇಡಿ. ಮುಂದಿನ ವಾರದವರೆಗೆ ಕಾಯುವ ಆ ನಾಲ್ಕು ದಿನಗಳೇ ಪಾಠ. ಅಂಕಕ್ಕೂ ಮನೆಗೆಲಸಕ್ಕೂ ಹಣ ಕೊಡುವುದು ನನಗೆ ಸರಿಕಾಣದು. ಮುಂದೆ ಪ್ರತಿಯೊಂದಕ್ಕೂ ದರ ಕೇಳುತ್ತಾರೆ.

ಇನ್ನೊಂದು ತಪ್ಪನ್ನು ಗಟ್ಟಿಯಾಗಿಯೇ ಹೇಳಬೇಕು. ತುರ್ತಿಗೆಂದು ಮಗುವಿನ ಹುಂಡಿಯಿಂದ ತೆಗೆದ ಹಣವನ್ನು ಎಷ್ಟೋ ಹೆತ್ತವರು ಹಿಂದಿರುಗಿಸುವುದೇ ಇಲ್ಲ. ಕೂಡಿಟ್ಟದ್ದು ತನ್ನದಾಗಿ ಉಳಿಯುವುದಿಲ್ಲ ಎಂದು ಮಗು ಕಲಿಯುತ್ತದೆ; ಮುಂದಿನ ಸಲ ಕೈಗೆ ಬಂದದ್ದನ್ನು ಅಂದೇ ಮುಗಿಸುತ್ತದೆ. ತೆಗೆದರೆ ಚೀಟಿ ಬರೆದು ಹುಂಡಿಗೆ ಹಾಕಿ, ಹೇಳಿದ ದಿನ ತೀರಿಸಿ.

ಹೈಸ್ಕೂಲಿನ ಮಕ್ಕಳಿಗೆ ಕಂತಿನ ಲೆಕ್ಕ ಬಿಡಿಸಲು ಕೊಡಿ. 1,200 ರೂಪಾಯಿ ಸಾಲ, ವರ್ಷಕ್ಕೆ ಶೇ 10 ಫ್ಲ್ಯಾಟ್ ಬಡ್ಡಿ (ಅಂದರೆ ಕೊನೆಯವರೆಗೂ ಮೊದಲ ಅಸಲಿನ ಮೇಲೇ ಹಾಕುವ ಬಡ್ಡಿ), ತಿಂಗಳಿಗೊಂದರಂತೆ 12 ಕಂತು. ಬಡ್ಡಿ 120, ತಿಂಗಳ ಕಂತು 110. ಆದರೆ ಅಸಲು ತಿಂಗಳಿಗೆ 100ರಂತೆ ಇಳಿಯುತ್ತದೆಂದು ಹಿಡಿದರೆ, ವರ್ಷದುದ್ದಕ್ಕೂ ಕೈಯಲ್ಲಿದ್ದ ಸಾಲ ಸರಾಸರಿ 650 ಮಾತ್ರ. ಹಾಗಾಗಿ ನಿಜವಾದ ದರ ಶೇ 18ರ ಸುಮಾರು. ಈ ಲೆಕ್ಕ ಒಮ್ಮೆ ಕೈಯಾರೆ ಮಾಡಿದ ಹುಡುಗ ಹುಡುಗಿಯರು ಮುಂದೆ ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ, ಬಡ್ಡಿ ಮೊದಲ ಅಸಲಿನ ಮೇಲೋ ಇಳಿಯುವ ಅಸಲಿನ ಮೇಲೋ ಎಂದು ಕೇಳುತ್ತಾರೆ.

ಇಂತಿ,
ಒಬ್ಬ ಗಣಿತ ಶಿಕ್ಷಕಿ