ಸುಂಕದವನ ಮುಂದೆ ಸುಖದುಃಖ

ಪುಸ್ತಕ ಅಚ್ಚಾಗಿ ಕೈಸೇರಿದೆ. ಆಮದು ಸುಂಕದ ತಕರಾರುಗಳನ್ನು ಕೇಳುವ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯದ ನ್ಯಾಯಾಧೀಶರಾಗಿದ್ದ ಜೇಮ್ಸ್ ಎಲ್. ವಾಟ್ಸನ್ ಅವರ ಜೀವನವನ್ನು ಕನ್ನಡದಲ್ಲಿ ಬರೆಯುತ್ತೇನೆಂದಾಗ, "ಯಾರಪ್ಪಾ ಓದುತ್ತಾರೆ?" ಎಂದವರೇ ಹೆಚ್ಚು. ಅವರಿಗೂ ನಮಸ್ಕಾರ, ನನಗೆ ಹಟ ಹುಟ್ಟಿದ್ದು ಅವರಿಂದಲೇ. ಕರಡು ತಿದ್ದಿದ ಗೆಳೆಯರು, ಹಳೆಯ ತೀರ್ಪುಗಳನ್ನು ಹುಡುಕಿಕೊಟ್ಟ ಗ್ರಂಥಾಲಯದವರು, ಮುಖಪುಟ ಬರೆದ ಹುಡುಗಿ, ಪ್ರಕಾಶಕರು, ಎಲ್ಲರಿಗೂ ನಾನು ಋಣಿ.

ಅತ್ತಿಗೆಯ ಋಣ ಹಾಗೆ ಒಂದು ಸಾಲಿನಲ್ಲಿ ತೀರುವುದಿಲ್ಲ.

ಕಳೆದ ವರ್ಷ ನಮ್ಮ ಮನೆಯಲ್ಲಿ ನಡೆದದ್ದು ನಿಮಗೆಲ್ಲ ಗೊತ್ತು. ಆಸ್ಪತ್ರೆಯ ಆ ರಾತ್ರಿ ವೈದ್ಯರು ಹೊರಬಂದು, ಬೆಳಗಿನವರೆಗೆ ಏನೂ ಹೇಳಲಾಗದು ಎಂದು ಹೋದರು. ಹೆಂಡತಿ ಒಳಗೆ, ನಾನು ಹೊರಗೆ. ನ್ಯೂಜೆರ್ಸಿಯಿಂದ ರೈಲು ಹಿಡಿದು ಬಂದಿದ್ದ ಅತ್ತಿಗೆ ಮೊಸರನ್ನದ ಡಬ್ಬಿಯ ಮುಚ್ಚಳ ತೆಗೆದು ನನ್ನ ಕೈಗಿಟ್ಟು, "ತಿನ್ನು. ತಿನ್ನುತ್ತಾ ನಿನ್ನ ಜಡ್ಜಿನ ಕಥೆ ಹೇಳು" ಎಂದರು.

ನಾನು ಕಾಯ್ದೆಯಿಂದ ಶುರುಮಾಡಿದೆ. "ಅದು ಬೇಡ, ಮನುಷ್ಯ ಎಲ್ಲಿಯವನು ಹೇಳು" ಎಂದರು. 1922ರಲ್ಲಿ ನ್ಯೂಯಾರ್ಕ್ ನಗರದ ಹಾರ್ಲೆಮ್‌ನಲ್ಲಿ ಹುಟ್ಟಿದ್ದು, ಜಮೈಕಾದಿಂದ ಬಂದ ತಂದೆ ನ್ಯೂಯಾರ್ಕ್‌ನಲ್ಲಿ ಚುನಾಯಿತರಾದ ಮೊದಲ ಕಪ್ಪು ನ್ಯಾಯಾಧೀಶರಲ್ಲಿ ಒಬ್ಬರು, ಮಗ ಇಟಲಿಯ ರಣರಂಗದಲ್ಲಿ ಗಾಯಗೊಂಡು ಬಂದು ಕಾನೂನು ಓದಿದ್ದು, ರಾಜ್ಯದ ಸೆನೆಟ್‌ಗೆ ಹೋದದ್ದು, 1966ರಲ್ಲಿ ಅಧ್ಯಕ್ಷ ಜಾನ್ಸನ್ ಅವರನ್ನು ಸುಂಕದ ನ್ಯಾಯಾಲಯಕ್ಕೆ ನೇಮಿಸಿದ್ದು, ಎಲ್ಲ ಹೇಳಿದೆ. 1980ರ ಕಾಯ್ದೆ ಆ ನ್ಯಾಯಾಲಯಕ್ಕೆ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ ಎಂಬ ಹೊಸ ಹೆಸರನ್ನೂ ಹೆಚ್ಚಿನ ಅಧಿಕಾರವನ್ನೂ ಕೊಟ್ಟಿತು. ವಾಟ್ಸನ್ 2001ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದರು. ಮ್ಯಾನ್‌ಹಟನ್‌ನಲ್ಲಿರುವ ಅದರ ಕಟ್ಟಡಕ್ಕೆ ಈಗ ಅವರದೇ ಹೆಸರು.

"ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಅನ್ನುತ್ತಾರೆ. ಈತ ಅದನ್ನು ಕೇಳುವುದಕ್ಕೆಂದೇ ಕೂತವನೋ?" ಎಂದರು ಅತ್ತಿಗೆ. ಇದೇ ನ್ಯಾಯಾಲಯದ ಗೊಂಬೆ ಪ್ರಕರಣವನ್ನೂ ಹೇಳಿದೆ. ಆಗ ಮನುಷ್ಯರೂಪದ ಗೊಂಬೆಯಾದರೆ ಸುಂಕ 12%, ಬರೀ ಆಟಿಕೆಯಾದರೆ 6.8% ಇತ್ತು. ಕೈಯಿಂದ ಲೋಹದ ಉಗುರು ಚಾಚುವ, ಎಕ್ಸ್-ಮೆನ್ ಎಂಬ ಕಾಮಿಕ್ಸಿನ ವೀರ ಮನುಷ್ಯನೇ, ಅಲ್ಲವೇ? ಅಲ್ಲ, ಆಟಿಕೆಯೇ ಎಂದು ನ್ಯಾಯಾಧೀಶೆ ಜುಡಿತ್ ಬಾರ್ಜಿಲೇ 2003ರಲ್ಲಿ ತೀರ್ಪಿತ್ತರು. ಅತ್ತಿಗೆ ಗಟ್ಟಿಯಾಗಿ ನಕ್ಕುಬಿಟ್ಟರು. ಅಂಥ ಹೊತ್ತಿನಲ್ಲಿ ನಗುತ್ತಾರಲ್ಲ ಎಂದು ನನಗೆ ಸಿಟ್ಟು ಬಂತು. ಮರುಕ್ಷಣವೇ ಅಳು ಬಂತು. ಅದುವರೆಗೆ ನಾನು ಅತ್ತಿರಲಿಲ್ಲ. ಅವರು ಸಮಾಧಾನ ಹೇಳಲಿಲ್ಲ, ಡಬ್ಬಿಯನ್ನು ಇಸಿದುಕೊಂಡು ಪಕ್ಕಕ್ಕಿಟ್ಟು, ನನ್ನ ಅಳು ಮುಗಿಯುವ ತನಕ ಹಾಗೆಯೇ ಕೂತಿದ್ದರು. ಬೆಳಗಾಯಿತು. ಸುದ್ದಿ ಒಳ್ಳೆಯದಾಗಿತ್ತು.

ಪುಸ್ತಕ ಹಾರ್ಲೆಮ್‌ನಿಂದ ಆರಂಭವಾಗಿ ಕಾಯ್ದೆಗೆ ಬರುವುದು ಆ ರಾತ್ರಿಯ ಪ್ರಶ್ನೆಗಳಿಂದಾಗಿಯೇ. ಹೆಂಡತಿ ಈಗ ಪಾರ್ಸಲ್‌ಗಳ ಮೇಲೆ ವಿಳಾಸ ಬರೆಯುತ್ತಿದ್ದಾಳೆ, ನನ್ನ ಅಕ್ಷರ ಅಂಚೆಯವರಿಗೆ ಓದಲು ಬರುವುದಿಲ್ಲವಂತೆ. ಗೊಂಬೆ ಪ್ರಕರಣ ವಾಟ್ಸನ್ ಅವರ ಕಾಲದ್ದಲ್ಲ, ಅವರ ಜೀವನಚರಿತ್ರೆಯಲ್ಲಿ ಅದಕ್ಕೆ ಜಾಗವಿಲ್ಲವೆಂದು ನಾನು ಎಷ್ಟು ವಾದಿಸಿದರೂ ಅತ್ತಿಗೆ ಕೇಳಲಿಲ್ಲ. ಅನುಬಂಧದಲ್ಲಿ ಸೇರಿಸಿದ್ದೇನೆ. ತಕರಾರಿದ್ದವರು ಅವರಿಗೇ ಫೋನ್ ಮಾಡಬಹುದು.